ಎಂಬತ್ತಾರು ಸುತ್ತು

ಬೊಂಬಾಯಿಯಿಂದ ವಿ.ಪಿ.ಪಿ.ಯಲ್ಲಿ ಬಂತು ಡಬ್ಬಿ.
ಹುತ್ತಾ ಕಾಲೋನಿಯ ಅಂಚೆಯವನು ಕಿವಿಯ ಹತ್ತಿರ ಅಲ್ಲಾಡಿಸಿ
"ಏನ್ರೀ ಹಾಲೇಶಪ್ಪ, ಹುರಿಗಾಳಾ?" ಅಂದ.
ತೊಂಬತ್ತೆಂಟು ರೂಪಾಯಿಯ ಹುರಿಗಾಳು!
ರಾತ್ರಿಪಾಳಿ ಮುಗಿಸಿ ಬಂದ ಸೋದರಮಾವ
ಮುಖವನ್ನೂ ತೊಳೆಯದೆ ಲುಂಗಿ ಹಾಸಿ ಸುರಿದ:
ಬಣ್ಣದ ಪಟ್ಟಿಯ ರೆಸಿಸ್ಟರು, ಮೂರು ಕಾಲಿನ ಟ್ರಾನ್ಸಿಸ್ಟರು,
ಬಿಲ್ಲೆಯಂಥ ಕಂಡೆನ್ಸರು, ಮಡಿಕೆಯಲ್ಲೇ ಹರಿದ ಒಂದು ನಕ್ಷೆ.

ಬೆಸುಗೆಯ ರಾಳ ಎರಡೇ ದಿನಕ್ಕೆ ಮುಗಿಯಿತು.
ಅಜ್ಜಿಯ ಧೂಪದ ಬಟ್ಟಲಿಂದ ಹಾಲುಮಡ್ಡಿ ಕದ್ದ.
ಆಮೇಲೆ ಒಂದೊಂದು ಬೆಸುಗೆಗೂ
ಶುಕ್ರವಾರದ ವಾಸನೆ.

ಹಚ್ಚಿದ ದಿನ
ಎಲ್ಲಿ ತಿರುಗಿಸಿದರೂ ಭದ್ರಾವತಿ.
ನಲವತ್ತು ಮೀಟರು? ಭದ್ರಾವತಿ.
ಇಪ್ಪತ್ತು? ಅಲ್ಲೂ ಅದೇ.
ತಿರುಪು ಕಿತ್ತು ಕೈಗೆ ಬಂದಾಗಲೂ
ಭತ್ತದ ಬೆಂಕಿರೋಗಕ್ಕೆ ಔಷಧಿ ಹೇಳುತ್ತಿತ್ತು.
ಆಕಾಶವಾಣಿಯ ಕಂಬ ಅಷ್ಟು ಹತ್ತಿರ.
ಮಾವ ಬೀಡಿ ಹಚ್ಚಿ ಹೇಳಿದ,
"ದೂರದ್ದು ಕೇಳಬೇಕಂದ್ರೆ ಮೊದ್ಲು
ಊರನ್ನ ಸೋಸಬೇಕು ಕಣೆ."

ಸೋಸುವುದಕ್ಕೊಂದು ಕಾಯಿಲು.
ಬಿದಿರ ಕೊಳವೆಯ ಮೇಲೆ, ಕೂದಲಿನಂಥ ತಂತಿ,
ಒತ್ತೊತ್ತಾಗಿ ಎಂಬತ್ತಾರು ಸುತ್ತು.
ಅವನ ಬೆರಳೋ, ಕ್ರೇನಿನ ಕೊಂಡಿ ಹಿಡಿದು ದಪ್ಪಗಾದದ್ದು.
ನನಗೆ ಹತ್ತು ತುಂಬಿ ನಾಲ್ಕು ತಿಂಗಳು.
"ಬಾ ಇಲ್ಲಿ, ಕಾಯಿಲ್ ಮೇಡಂ" ಅಂದ.
ಬಾಯಲ್ಲೇ ಎಣಿಸುತ್ತ ಸುತ್ತಿದೆ.
ಐವತ್ತೊಂಬತ್ತು, ಅರವತ್ತು,
ಅಷ್ಟರಲ್ಲಿ ಕಾರ್ಖಾನೆಯ ಸೈರನ್ನು ಕೂಗಿತು.
ಅರವತ್ತೊಂದೋ? ಅರವತ್ತೆರಡೋ?
ಬಿಚ್ಚಿ ಮತ್ತೆ ಸುತ್ತುವುದಕ್ಕೆ ಬೇಜಾರು,
ಹೊರಗೆ ಕುಂಟಾಬಿಲ್ಲೆಯ ಗೆರೆ ಎಳೆದಾಗಿತ್ತು.
ಅರವತ್ತೆರಡು ಅಂದುಕೊಂಡೆ.
ಜೇನುಮೇಣ ಬಳಿದು ಕೊಟ್ಟೆ.

ಆವತ್ತು ಸಂಜೆ ಊರು ಅಡಗಿತು.
ಪೂರ್ತಿಯಲ್ಲ;
ಕದದ ಸಂದಿಯಿಂದ ಪಕ್ಕದ ಮನೆಯ ಮಾತು ಬಂದ ಹಾಗೆ.
ಅದರ ಮೇಲೆ, ಸಣ್ಣಗೆ, ಕೀಟದ ದನಿಯಲ್ಲಿ
ಯಾರೋ ಕುಟ್ಟುತ್ತಿದ್ದರು: ಚುಕ್ಕಿ, ಗೆರೆ, ಗೆರೆ, ಗೆರೆ.
ಮಾವ ಹೆಡ್‌ಫೋನಿನ ಒಂದು ಕಿವಿ ನನಗೆ ಕೊಟ್ಟ.
ತಲೆಗೆ ತಲೆ ತಾಗಿಸಿ ಕೂತೆವು.
"ಜೆ" ಅಂದ. ಉಸಿರು ಬಿಡಲಿಲ್ಲ. "ಎ" ಅಂದ.
ಜಪಾನು!
ಜಪಾನಿನ ಕೆಳಗೆ ಯೂರಿಯಾದ ಪ್ರಮಾಣ, ಎಕರೆಗಿಷ್ಟು.

ತಿರುಗಿ ಮಾತಾಡುವ ಲೈಸೆನ್ಸು ಅವನಿಗೆ ಸಿಗಲೇ ಇಲ್ಲ.
ಮೂರು ಸಲ ಕೂತ, ಮೂರು ಸಲವೂ ಮೋರ್ಸಿನಲ್ಲಿ ಬಿದ್ದ.
ಕೇಳುವವನಾಗಿಯೇ ಉಳಿದ.
ಊರು ಸೋರುವುದಕ್ಕೆ ಕಂಡೆನ್ಸರೇ ಕಾರಣವೆಂದು
ಬೊಂಬಾಯಿಗೆ ಕಾಗದದ ಮೇಲೆ ಕಾಗದ ಬರೆದ.
ನಾನು ಪಕ್ಕದಲ್ಲೇ ಕೂತು
ಅಂಚೆಚೀಟಿಗೆ ಎಂಜಲು ಹಚ್ಚಿಕೊಟ್ಟೆ.
ಅವರ ಉತ್ತರ ಪ್ರತಿಸಲ ಒಂದೇ:
ನಮ್ಮ ಮಾಲಿನಲ್ಲಿ ದೋಷವಿಲ್ಲ,
ಆದರೂ ಇನ್ನೊಂದು ಕಳಿಸಿದ್ದೇವೆ.

ಹೋದ ತಿಂಗಳು ಅವನ ತಿಥಿ ಮುಗಿಸಿ
ಅತ್ತೆ ಆ ಡಬ್ಬಿಯನ್ನು ನನ್ನ ಕೈಗಿಟ್ಟಳು.
ಈಗ ಹಚ್ಚಿದರೆ ಚಾರ್ಜರುಗಳ ಗೊರಕೆ,
ಎಲ್‌ಇಡಿ ಬಲ್ಬುಗಳ ಜೊಯ್ ಎನ್ನುವ ಸದ್ದು;
ಜಪಾನೂ ಇಲ್ಲ, ಬೆಂಕಿರೋಗವೂ ಇಲ್ಲ.

ತಳದಲ್ಲಿ ಅವನ ಲಾಗ್ ಪುಸ್ತಕ.
ತಾರೀಕು, ಗಂಟೆ, ಕೇಳಿದ್ದು.
ಕೊನೆಯ ಅಂಕಣ ಅವನೇ ಗೆರೆ ಹೊಡೆದು ಸೇರಿಸಿದ್ದು:
"ಊರು?"
ಅದರ ಕೆಳಗೆ ಪುಟಗಟ್ಟಲೆ
ಇತ್ತು, ಇತ್ತು, ಸ್ವಲ್ಪ ಇತ್ತು, ಇತ್ತು.

ನಡುವೆ ಒಂದು ಭಾನುವಾರ, ಸೀಸದ ಕಡ್ಡಿಯಲ್ಲಿ:
"ಸೂಜಿಮೊನೆಯಿಂದ ಕಾಯಿಲ್ ಎಣಿಸಿದೆ. ೮೫.
ಹುಡುಗಿಗೆ ಹೇಳಲಿಲ್ಲ. ಹಾಗೇ ಇರಲಿ."

ತಾರೀಕು ಹೊಂದಿಸಿ ನೋಡಿದೆ.
ಅದಾದ ಮೇಲೂ
ಬೊಂಬಾಯಿಗೆ ಎರಡು ಕಾಗದ ಹೋಗಿವೆ,
ಮೊದಲಿಗಿಂತ ಖಾರವಾಗಿ.
ಬಿಡಿಸದ ಲಕೋಟೆಯೊಂದು ಡಬ್ಬಿಯ ಮೂಲೆಯಲ್ಲಿದೆ.
ಅಲ್ಲಾಡಿಸಿದರೆ
ಒಂದೇ ಒಂದು ಹುರಿಗಾಳಿನ ಸದ್ದು.